ವಿಳಾಸ ಬದಲಿಸಿ, ಆದರೆ ಹಳೇ ಬಾಗಿಲಿಗೆ ಬೋರ್ಡು ಹಾಕಿ

ನಮ್ಮ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಹೆಸರು ಬದಲಾದ ಮೇಲೂ ಹಳೇ ಹೆಸರು ಹೇಳಿದವರಿಗೆ ದಾರಿ ತೋರಿಸಲು ಊರಲ್ಲಿ ಹಿರಿಯರಿದ್ದರು. ಇಂಟರ್ನೆಟ್ಟಿನಲ್ಲಿ ಅಂಥ ಹಿರಿಯರಿಲ್ಲ. ವಿಳಾಸ ಬದಲಿಸಿದವರೇ ದಾರಿ ತೋರಿಸಬೇಕು.

ರೇಷನ್ ಕಾರ್ಡಿನ ವೆಬ್‌ಸೈಟನ್ನೇ ನೋಡಿ. ಮೊದಲು ಅದರ ವಿಳಾಸ 'ಆಹಾರ ಡಾಟ್ ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್' ಎಂದಿತ್ತು. ಈಗ 'ಆಹಾರ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್'. ಹೀಗೆ ದೊಡ್ಡ ವಿಳಾಸದ ಮುಂದೆ ಒಂದು ಹೆಸರು ಸೇರಿಸಿ ಮಾಡುವ ವಿಳಾಸಕ್ಕೆ ಸಬ್‌ಡೊಮೇನ್ ಎನ್ನುತ್ತಾರೆ. ಒಂದೇ ಕಾಂಪೌಂಡಿನಲ್ಲಿ ಬೇರೆ ಡೋರ್ ನಂಬರಿನ ಮನೆ ಇದ್ದಂತೆ.

ಸಬ್‌ಡೊಮೇನಿಗೆ ಹೋದರೆ ಗೂಗಲ್‌ನಲ್ಲಿ ಹಿಂದೆ ಬೀಳುತ್ತೇವೆ ಎಂದು ಹೆದರುವವರಿದ್ದಾರೆ. ಸಬ್‌ಡೊಮೇನ್ ಆದರೂ ಸರಿ, ಅದೇ ಸೈಟಿನೊಳಗಿನ ಫೋಲ್ಡರ್ ಆದರೂ ಸರಿ ಎಂದು ಗೂಗಲ್‌ನವರೇ ಹೇಳಿದ್ದಾರೆ. ಆದರೆ ಹೊಸ ಡೋರ್ ನಂಬರಿನ ಮನೆಯನ್ನು ಗೂಗಲ್ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಒಂದು ಪುಟವನ್ನು ಎಷ್ಟು ಮಂದಿ, ಎಂಥವರು ತಮ್ಮ ಪುಟಗಳಿಂದ ತೋರಿಸಿದ್ದಾರೆ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಲಿಂಕುಗಳೆಲ್ಲ ಹಳೇ ವಿಳಾಸದಲ್ಲೇ ಇರುತ್ತವೆ.

ಅದಕ್ಕೇ 301 ಎಂಬ ವ್ಯವಸ್ಥೆ ಇದೆ. ಹಳೇ ಲಿಂಕ್ ಒತ್ತಿದರೆ ತಾನಾಗಿ ಹೊಸ ಪುಟಕ್ಕೆ ಕರೆದೊಯ್ಯುತ್ತದೆ, 'ನಾವು ಕಾಯಂ ಆಗಿ ಇಲ್ಲಿಗೆ ಬಂದಿದ್ದೇವೆ' ಎಂದು ಗೂಗಲ್‌ಗೂ ತಿಳಿಸುತ್ತದೆ. ಕನಿಷ್ಠ 1 ವರ್ಷವಾದರೂ ಇದನ್ನು ಇಡಿ ಎಂಬುದು ಗೂಗಲ್‌ನ ಸಲಹೆ. ಇದನ್ನು ಸರಿಯಾಗಿ ಮಾಡಿದರೂ ಕೆಲವು ವಾರ ಸ್ಥಾನ ಏರುಪೇರಾಗುತ್ತದೆ. ಮಾಡದಿದ್ದರೆ ವರ್ಷಗಟ್ಟಲೆ ಗಳಿಸಿದ್ದು ಹೋಗುತ್ತದೆ.

ಇದರಿಂದ ಹಳ್ಳಿಯವರಿಗೇನು ನಷ್ಟ ಎನ್ನಬೇಡಿ. ವಾಟ್ಸಾಪಿನಲ್ಲಿದ್ದ ಒಂದು ಇಲಾಖೆಯ ಹಳೇ ಲಿಂಕನ್ನು ನಾವು ಒತ್ತಿದೆವು, ತೆರೆಯಲಿಲ್ಲ. ಅದೇ ವಿಷಯ ಹುಡುಕಿದರೆ ಮೊದಲು ಬಂದದ್ದು ಖಾಸಗಿಯವರ ಪುಟ. ಇಲಾಖೆಯದ್ದು ಎಲ್ಲೋ ಕೆಳಗಿತ್ತು. ಅವಸರದಲ್ಲಿರುವವರು ಮೊದಲು ಕಂಡದ್ದನ್ನೇ ಒತ್ತುತ್ತಾರೆ, ಅಲ್ಲೇ ಆಧಾರ್ ನಂಬರ್ ಕೊಡುತ್ತಾರೆ.

ಕೆಜಿಎಫ್‌ನವರಿಗಂತೂ ಕಷ್ಟ ಇನ್ನೂ ಹೆಚ್ಚು. ಊರ ಹೆಸರು ಹುಡುಕಿದರೆ 2018 ಮತ್ತು 2022ರ ಸಿನಿಮಾಗಳೇ ಮುಂದೆ ನಿಲ್ಲುತ್ತವೆ. 2001ರಲ್ಲಿ ಮುಚ್ಚಿದ ಗಣಿಯ ಕಾರ್ಮಿಕರ ವಿಷಯ, ರಾಬರ್ಟ್‌ಸನ್‌ಪೇಟೆಯ ಸುದ್ದಿ ಅವುಗಳ ಸಂದಿಯಲ್ಲಿ ನುಸುಳಿ ಬರಬೇಕು. ಇಂಥ ಊರಿನ ಪುಟ ಒಮ್ಮೆ ಕೆಳಗೆ ಬಿದ್ದರೆ ಮತ್ತೆ ಏಳುವುದು ಸುಲಭವಲ್ಲ.

ಆದ್ದರಿಂದ ಸೈಟ್ ನಡೆಸುವವರಲ್ಲಿ ನಮ್ಮ ಮನವಿ ಇಷ್ಟೇ: ವಿಳಾಸ ಬದಲಿಸುವುದಾದರೆ ಪ್ರತಿ ಹಳೇ ಪುಟವನ್ನೂ ಅದರದ್ದೇ ಹೊಸ ಪುಟಕ್ಕೆ ಜೋಡಿಸಿ. ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಟ್ಟರೆ ಸಾಲದು. ಪಂಚಾಯಿತಿ ಗೋಡೆಯ ಮೇಲೂ, ರೇಷನ್ ಅಂಗಡಿಯಲ್ಲೂ ಹೊಸ ವಿಳಾಸ ಬರೆಸಿ.

ಓದುಗರೇ, ನೀವು ವಿಳಾಸವನ್ನು ಹಿಂದಿನಿಂದ ಓದಿ. ಮೊದಲ ಗೆರೆ ಬರುವುದಕ್ಕೆ ಮುಂಚೆ, ಹೆಸರಿನ ಕೊನೆಯಲ್ಲಿ 'ಡಾಟ್ ಜಿಒವಿ ಡಾಟ್ ಇನ್' ಅಥವಾ 'ಡಾಟ್ ಎನ್‌ಐಸಿ ಡಾಟ್ ಇನ್' ಇದ್ದರೆ ಅದು ಸರ್ಕಾರದ್ದು. ಮುಂದೆ 'ಕರ್ನಾಟಕ' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಮನೆ ಯಾರದೆಂದು ಹೇಳುವುದು ಆ ಕೊನೆಯ ಭಾಗವೇ.