ಮುಟ್ಟಿದ್ದೆಲ್ಲ ಕೂಡಿದಂತಲ್ಲ

ಗೀಸರಿನ ಪ್ಲಗ್ ಕಿತ್ತು ನೋಡಿ. ಎಷ್ಟೋ ಮನೆಗಳಲ್ಲಿ ಒಂದು ಪಿನ್ ಮಾತ್ರ ಸುಟ್ಟು ಕಪ್ಪಾಗಿರುತ್ತದೆ. ತಂತಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಪಿನ್ನೂ ಸಾಕೆಟ್ಟೂ ಒಂದನ್ನೊಂದು ಮುಟ್ಟುವ ಜಾಗ. 3 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 13 ಆಂಪಿಯರ್. ಆ ಜಾಗದಲ್ಲಿ 50 ಮಿಲಿಓಮ್ ರೋಧವಿದ್ದರೂ ಸಾಕು, ಎಂಟು ವ್ಯಾಟ್‌ಗೂ ಹೆಚ್ಚು ಶಾಖ ಅಲ್ಲೇ ಹುಟ್ಟುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ‘ಲೂಸ್ ಕಾಂಟ್ಯಾಕ್ಟ್’ ಎನ್ನುತ್ತಾರೆ. ಎಂಜಿನಿಯರ್ ‘ಸಂಪರ್ಕ ರೋಧ’ ಎನ್ನುತ್ತಾರೆ.

ನೂರಾರು ಆಂಪಿಯರ್ ಹರಿಯುವ ವಿದ್ಯುತ್ ಪ್ಯಾನೆಲ್‌ನಲ್ಲಿ ಬಸ್‌ಬಾರ್ ಎಂಬ ಲೋಹದ ಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಪರೀಕ್ಷೆಗೆ ಕಳಿಸುವ ಮೊದಲೇ, ಯಾವ ಜೋಡಣೆ ಎಷ್ಟು ಬಿಸಿಯಾದೀತು ಎಂದು ಈಗ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಹೊರಗಿನ ಕೇಬಲ್ ಸೇರುವ ಟರ್ಮಿನಲ್ ಸುತ್ತಲಿನ ಗಾಳಿಗಿಂತ 70 ಡಿಗ್ರಿಗೂ ಹೆಚ್ಚು ಬಿಸಿಯಾಗಬಾರದು ಎನ್ನುತ್ತದೆ ಐಇಸಿ 61439 ಎಂಬ ಅಂತರರಾಷ್ಟ್ರೀಯ ಮಾನದಂಡ. ಆದರೆ ಎರಡು ಪಟ್ಟಿಗಳನ್ನು ಸಾಫ್ಟ್‌ವೇರ್‌ನಲ್ಲಿ ಒಂದೇ ಜಾಲವಾಗಿ ಬೆಸೆದುಬಿಟ್ಟರೆ, ಅವು ಅಚ್ಚುಹೊಯ್ದ ಒಂದೇ ತುಂಡು ಎಂದೇ ಅದು ತಿಳಿಯುತ್ತದೆ. ಜೋಡಣೆಯ ರೋಧ ಸೊನ್ನೆ. ಹಾಗಾದರೆ ಆ ರೋಧವನ್ನು ಅದಕ್ಕೆ ತಿಳಿಸುವುದು ಹೇಗೆ? ಇಲ್ಲಿ ಎರಡು ಪಕ್ಷಗಳಿವೆ.

ಎರಡಕ್ಕೂ ಬುನಾದಿ ಒಂದೇ. ಕನ್ನಡಿಯಂತೆ ಕಾಣುವ ತಾಮ್ರವೂ ಸೂಕ್ಷ್ಮದಲ್ಲಿ ಗುಡ್ಡ-ಕಣಿವೆಗಳ ನಾಡು. ಎರಡು ಮೇಲ್ಮೈಗಳು ತಾಗುವುದು ಗುಡ್ಡಗಳ ನೆತ್ತಿಯಲ್ಲಿ ಮಾತ್ರ. ತಾಮ್ರದ ಗಡಸುತನ ಸುಮಾರು 1 ಗಿಗಾಪಾಸ್ಕಲ್ ಎಂದುಕೊಂಡರೆ, 100 ನ್ಯೂಟನ್ ಬಲದಲ್ಲಿ ಒತ್ತಿದಾಗ ನಿಜವಾಗಿ ತಾಗುವ ಜಾಗ 0.1 ಚದರ ಮಿಲಿಮೀಟರ್ ಅಷ್ಟೇ. ಪಟ್ಟಿ ಅಂಗೈಯಗಲ ಇದ್ದರೂ ಅಷ್ಟೇ. ವಿದ್ಯುತ್ತು ಆ ಕಿಂಡಿಗಳಲ್ಲಿ ನುಸುಳಿ ದಾಟಬೇಕು. ಒಂದು ದುಂಡು ಕಿಂಡಿಯ ರೋಧವೆಂದರೆ ಲೋಹದ ರೋಧಶೀಲತೆಯನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಷ್ಟು. ವಿದ್ಯುತ್ ಸಂಪರ್ಕಗಳ ಶಾಸ್ತ್ರಕ್ಕೆ ತಳಪಾಯ ಹಾಕಿದ ರಾಗ್ನರ್ ಹೋಮ್ ಅವರ ಸೂತ್ರವಿದು. ಮೇಲಿನ ಬಲಕ್ಕೆ ಒಂದೇ ಕಿಂಡಿ ಇದ್ದರೆ ಸುಮಾರು 48 ಮೈಕ್ರೋಓಮ್ ಬರುತ್ತದೆ.

ಮೊದಲ ಪಕ್ಷದವರು ಹೇಳುವುದು ಇಷ್ಟು: ಜೋಡಣೆಯನ್ನು ಅಳೆಯಿರಿ, ಬಂದ ಅಂಕಿಯನ್ನು ಮಾದರಿಯಲ್ಲಿ ಕೂರಿಸಿ. ಮೈಕ್ರೋಓಮ್ ಮೀಟರ್‌ನಿಂದ 100 ಆಂಪಿಯರ್ ಹರಿಸಿ, ನಾಲ್ಕು ತಂತಿಯ ವಿಧಾನದಲ್ಲಿ ಅಳೆಯುವುದು ನಿಮಿಷಗಳ ಕೆಲಸ. ಮೇಲಿನ ತೆಳು ಪೊರೆ, ಧೂಳು, ತವರದ ಲೇಪ, ಫಿಟರ್ ಕೈಯ ಬಿಗಿತ ಎಲ್ಲವೂ ಆ ಅಂಕಿಯೊಳಗೆ ತಾನಾಗಿ ಸೇರಿರುತ್ತವೆ. ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ, ಆದರೆ ಗಡುಸಾದ, ವಿದ್ಯುತ್ತನ್ನು ಬಿಡದ ಆಕ್ಸೈಡ್ ಸದಾ ಇರುತ್ತದೆ. ಅದು ಎಲ್ಲಿ ಎಷ್ಟು ಒಡೆದಿದೆ ಎಂದು ಯಾವ ಸೂತ್ರ ಹೇಳೀತು? ಇನ್ನೊಂದು ದೊಡ್ಡ ಗುಣವೆಂದರೆ ಈ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿದ್ದರೆ ಯಾರಾದರೂ ಬೆರಳಿಟ್ಟು ತೋರಿಸಬಹುದು.

ಎರಡನೆಯ ಪಕ್ಷದ ಆಕ್ಷೇಪಕ್ಕೂ ತೂಕವಿದೆ. ಸಂಪರ್ಕ ರೋಧ ವಸ್ತುವಿನ ಗುಣವಲ್ಲ, ಒತ್ತಡದ ಫಲ. ಬೋಲ್ಟಿನ ಸುತ್ತ ಒತ್ತಡ ಹೆಚ್ಚು, ಅಂಚಿನತ್ತ ಹೋದಂತೆ ಕಡಿಮೆ. ಕೆಲವೆಡೆ ಪಟ್ಟಿಗಳು ಬಾಯಿ ಬಿಟ್ಟಿರುವುದೂ ಉಂಟು. ಒಂದೇ ಅಂಕಿಯನ್ನು ಇಡೀ ಮೇಲ್ಮೈಗೆ ಸಮನಾಗಿ ಬಳಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಬೋಲ್ಟನ್ನು ಎಂ10 ಬದಲು ಎಂ12 ಮಾಡಿದರೆ, ಸ್ಪ್ರಿಂಗ್ ವಾಷರ್ ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹಳೆಯ ಅಂಕಿ ಮೂಕ. ಅದಕ್ಕೇ ಕಾಮ್ಸಾಲ್‌ನಂಥ ಸಾಫ್ಟ್‌ವೇರ್‌ಗಳು ಒತ್ತಡ, ಮೇಲ್ಮೈಯ ಒರಟುತನ, ಗುಡ್ಡಗಳ ಇಳಿಜಾರು, ಗಡಸುತನ ಇವಿಷ್ಟರಿಂದ ವಾಹಕತೆಯನ್ನು ಕಟ್ಟುವ ಸೂತ್ರವನ್ನು ಒದಗಿಸುತ್ತವೆ. ಅಬಾಕಸ್ (Abaqus) ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಒತ್ತಡಕ್ಕೆ ತಕ್ಕ ವಾಹಕತೆಯ ಕೋಷ್ಟಕವನ್ನು ನಾವೇ ಬರೆದುಕೊಡಬಹುದು.

ಆದರೆ ಆ ಸೂತ್ರದ ಹುಟ್ಟನ್ನೂ ನೆನೆಯಬೇಕು. ಕೂಪರ್, ಮಿಕಿಚ್, ಯೊವನೊವಿಚ್ 1969ರಲ್ಲಿ ಅದನ್ನು ಕಟ್ಟಿದ್ದು ಶಾಖದ ಹರಿವಿಗಾಗಿ. ವಿದ್ಯುತ್ತಿಗೆ ಹೊಂದಿಸಿಕೊಂಡದ್ದು ಸಾಮ್ಯದಿಂದ. ಅದು ಎಣಿಸುವುದು ಪೊರೆಯಿಲ್ಲದ ಶುದ್ಧ ಲೋಹವನ್ನು. ಒರಟುತನದ ಅಂಕಿ ಎರಡು ಪಟ್ಟಾದರೆ, ಉಳಿದದ್ದು ಹಾಗೇ ಇದ್ದಾಗ, ವಾಹಕತೆ ಅರ್ಧಕ್ಕಿಳಿಯುತ್ತದೆ. ಕೈಪಿಡಿಯಿಂದ ಎತ್ತಿ ತುಂಬಿದ ಒರಟುತನ ತೆರೆಯ ಮೇಲೆ ಸುಂದರ ಬಣ್ಣದ ಚಿತ್ರವಾಗಿ ಹೊರಬರುತ್ತದೆ, ಊಹೆ ಮಾತ್ರ ಒಳಗೇ ಅಡಗಿ ಕೂರುತ್ತದೆ. ಅಳೆದ ಅಂಕಿಯ ತಪ್ಪು ಬಯಲಲ್ಲಿರುತ್ತದೆ, ಸೂತ್ರದ ತಪ್ಪು ಮರೆಯಲ್ಲಿ. ಅತ್ತ, ಅಳೆದ ಅಂಕಿ ಅಳೆದ ದಿನದ್ದು ಮಾತ್ರ. ವರ್ಷಗಳ ಬಿಸಿ-ತಂಪಿನಲ್ಲಿ ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಮಣಿದು ಬೋಲ್ಟ್ ಸಡಿಲವಾದಾಗ ಆ ಅಂಕಿ ಸುಳ್ಳಾಗಿರುತ್ತದೆ.

ಹಾಗಾದರೆ ಯಾವುದು ಸರಿ? ನನ್ನ ಮಟ್ಟಿಗೆ ಉತ್ತರ ಪ್ರಶ್ನೆಯಲ್ಲಿದೆ. ‘ಈ ಜೋಡಣೆ ಇವತ್ತು ಎಷ್ಟು ಬಿಸಿಯಾಗುತ್ತದೆ?’ ಎಂದಾದರೆ ಅಳೆದ ಅಂಕಿಯೇ ಸಾಕು. ಆದರೆ ಒಂದಲ್ಲ, ಕನಿಷ್ಠದಿಂದ ಗರಿಷ್ಠದವರೆಗಿನ ಹರವು ಬೇಕು. 400 ಆಂಪಿಯರ್‌ಗೆ 48 ಮೈಕ್ರೋಓಮ್ ಎಂದರೆ ಎಂಟು ವ್ಯಾಟ್‌ಗೆ ತುಸು ಕಡಿಮೆ. ರೋಧ ಮೂರು ಪಟ್ಟಾದರೆ ಇಪ್ಪತ್ತಮೂರು ವ್ಯಾಟ್. ಪ್ಯಾನೆಲ್ ಈ ಎರಡು ತುದಿಗಳನ್ನೂ ತಾಳಿಕೊಂಡರೆ ಹೆಚ್ಚಿನ ಲೆಕ್ಕ ಬೇಕಿಲ್ಲ. ‘ಬಿಗಿತ ಬದಲಾದರೆ?’ ಎಂಬ ಪ್ರಶ್ನೆ ಬಂದ ಕೂಡಲೇ ಒತ್ತಡದ ಸೂತ್ರ ಬೇಕೇ ಬೇಕು.

ಆ ಸೂತ್ರವನ್ನು ನಂಬಲು ನಾನು ಒಡ್ಡುವ ಷರತ್ತು ಒಂದೇ: ಎರಡು ಬಿಗಿತಗಳಲ್ಲಿ ಅಳೆಯಬೇಕು. ಒಂದೇ ಕಿಂಡಿ ಹಿಗ್ಗುತ್ತ ಹೋಗುವುದಾದರೆ ಬಲ ನಾಲ್ಕು ಪಟ್ಟಾದಾಗ ರೋಧ ಅರ್ಧಕ್ಕಿಳಿಯುತ್ತದೆ, 48 ಇದ್ದದ್ದು 24. ಹೊಸ ಹೊಸ ಕಿಂಡಿಗಳು ತೆರೆಯುತ್ತ ಹೋಗುವ 1969ರ ಸೂತ್ರದಲ್ಲಿ ಅದೇ 48 ಸುಮಾರು 12-13ಕ್ಕೆ ಇಳಿಯುತ್ತದೆ. ಒಂದೇ ಅಳತೆಗೆ ಹೊಂದಿಸಿದರೆ ಎರಡು ಸೂತ್ರಗಳೂ ನೂರಕ್ಕೆ ನೂರು ಸರಿಯಾಗಿಯೇ ಕಾಣುತ್ತವೆ. ಅವುಗಳ ಬಣ್ಣ ಬಯಲಾಗುವುದು ಎರಡನೆಯ ಅಳತೆಯಲ್ಲಿ. ಟಾರ್ಕ್ ವ್ರೆಂಚನ್ನು ಇನ್ನಷ್ಟು ಬಿಗಿದು ಮೀಟರನ್ನು ಮತ್ತೊಮ್ಮೆ ಹಚ್ಚುವ ಆ ಹತ್ತು ನಿಮಿಷ, ಅಳೆಯುವವರನ್ನೂ ಲೆಕ್ಕ ಹಾಕುವವರನ್ನೂ ಒಂದೇ ಮೇಜಿಗೆ ಕರೆತರುತ್ತದೆ.