ಹಸುವಿನ ಮದ್ದು ಕುದುರೆಗೆ ಒಗ್ಗದು

ಶೆಟ್ಟಿಹಳ್ಳಿ, ಹಾಸನ, ಅರಕಲಗೂಡು ಸೀಮೆಯಲ್ಲಿ ದನ ಕಟ್ಟಿದ ಮನೆಯವರಿಗೆ ಹೊಟ್ಟೆಯುಬ್ಬರ ಹೊಸದಲ್ಲ. ಎಡ ಅಳ್ಳೆ ತಮಟೆಯಂತೆ ಬಿಗಿದರೆ ಹಿರಿಯರು ಗೊಟ್ಟ ಹುಡುಕಿ ಎಣ್ಣೆ ಕುಡಿಸುತ್ತಾರೆ. ಕುದುರೆ ಸಾಕುವವರು ಇಲ್ಲಿ ಕಡಿಮೆ. ಬೆಂಗಳೂರಿನಿಂದ ಹಾಸನಕ್ಕೆ ಬರುವ ದಾರಿಯಲ್ಲೇ ಟಿಪ್ಪುವಿನ ಕಾಲದ ಕುಣಿಗಲ್ ಕುದುರೆ ಫಾರಂ ಇದ್ದರೂ, ಅಲ್ಲಿನ ಲಾಯದವರ ತಿಳಿವಳಿಕೆ ನಮ್ಮ ಕೊಟ್ಟಿಗೆಗೆ ಬಂದಿಲ್ಲ. ಹಾಗಾಗಿ ಮದುವೆ ಮೆರವಣಿಗೆಯ ಕುದುರೆಗೆ ಹೊಟ್ಟೆಶೂಲೆ ಬಂದರೂ ದನದ ಮದ್ದೇ ನೆನಪಾಗುತ್ತದೆ. ಅಪಾಯ ಇರುವುದು ಅಲ್ಲೇ.

ದೊಡ್ಡ ಹಸುವಿನ ಮೊದಲ ಹೊಟ್ಟೆ 100 ಲೀಟರಿಗೂ ಮಿಗಿಲು. ಅದು ತೇಗಿ ಗಾಳಿ ಬಿಡುತ್ತದೆ, ಮೆಲುಕು ಹಾಕುತ್ತದೆ. ಕುದುರೆಯ ಜಠರ ಹಿಡಿಸುವುದು 8ರಿಂದ 15 ಲೀಟರ್ ಮಾತ್ರ. ಅನ್ನನಾಳ ಜಠರಕ್ಕೆ ಸೇರುವ ಕಡೆಯ ಸ್ನಾಯು ಎಷ್ಟು ಬಿಗಿಯೆಂದರೆ ಕುದುರೆಗೆ ವಾಂತಿ ಮಾಡಲಾಗದು. ಒತ್ತಡ ಏರುತ್ತ ಹೋದರೆ ಜಠರ ಬಿರಿಯಬಹುದು. ಇನ್ನು ದೊಡ್ಡ ಕರುಳು ಮಡಿಚಿಕೊಂಡು ಕೂತಿರುತ್ತದೆ, ಒಂದು ತಿರುವಿನಲ್ಲಿ ಥಟ್ಟನೆ ಕಿರಿದಾಗುತ್ತದೆ. ನೀರು ಸಾಲದಾಗ ಒಣಮೇವು ಕಟ್ಟಿಕೊಳ್ಳುವುದು ಬಹುಪಾಲು ಅಲ್ಲೇ. ಗಾಳಿ ತುಂಬುವುದು, ಮರಳು ಸೇರುವುದು, ಜಂತುಹುಳು, ಕರುಳು ತಿರುಚಿಕೊಳ್ಳುವುದು ಶೂಲೆಯ ಬೇರೆ ಕಾರಣಗಳು.

ನೋವು ಬಂದ ಕುದುರೆ ಮೇವು ಬಿಡುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ಅಳ್ಳೆ ನೋಡಿಕೊಳ್ಳುತ್ತದೆ, ಮಲಗಿ ಏಳುತ್ತದೆ, ಹೊರಳಾಡುತ್ತದೆ, ಬೆವರುತ್ತದೆ. ಲದ್ದಿ ಕಡಿಮೆಯಾಗುತ್ತದೆ ಇಲ್ಲವೇ ನಿಲ್ಲುತ್ತದೆ. ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರಾಮವಾಗಿ ನಿಂತ ದೊಡ್ಡ ಕುದುರೆಗೆ ಅದು ನಿಮಿಷಕ್ಕೆ 28ರಿಂದ 44. 60 ದಾಟಿದರೆ ಪರಿಸ್ಥಿತಿ ಗಂಭೀರ. ಒಸಡು ನಸುಗುಲಾಬಿ ಇರಬೇಕು. ಕಡುಗೆಂಪಿಗೋ ನೀಲಿಗೋ ತಿರುಗಿದರೆ ತಡ ಮಾಡುವಂತಿಲ್ಲ. ಎಷ್ಟೋ ಹೊತ್ತು ಒದ್ದಾಡಿದ ಕುದುರೆ ಒಮ್ಮೆಲೇ ಸುಮ್ಮನಾದರೆ ವಾಸಿಯಾಯಿತೆಂದು ನಂಬಬೇಡಿ. ನಾಡಿ ಜೋರಾಗಿಯೇ ಇದ್ದರೆ ಕರುಳು ಸತ್ತಿರಬಹುದು, ಜಠರ ಬಿರಿದಿರಬಹುದು.

ವೈದ್ಯರು ಬರುವವರೆಗೆ ಮೇವು, ಹುರುಳಿ ಎಲ್ಲ ತೆಗೆದಿಡಿ. ಗೊಟ್ಟದಲ್ಲಿ ಏನನ್ನೂ ಎತ್ತಬೇಡಿ: ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು, ತುಂಬಿದ ಜಠರಕ್ಕೆ ಇನ್ನಷ್ಟು ಭಾರ ಬೀಳಬಹುದು. ವೈದ್ಯರು ಮೂಗಿನಿಂದ ನಳಿಕೆ ಇಳಿಸಿ, ಜಠರದಲ್ಲಿ ಕಟ್ಟಿನಿಂತದ್ದನ್ನು ಮೊದಲು ಹೊರಗೆ ತೆಗೆದು, ಆಮೇಲೆ ಬೇಕಿದ್ದರೆ ದ್ರವ ಕೊಡುತ್ತಾರೆ. ನೋವಿನ ಇಂಜೆಕ್ಷನ್ನನ್ನೂ ಅವರನ್ನು ಕೇಳದೆ ಹಾಕಿಸಬೇಡಿ. ನೋವು ಅಡಗಿದರೆ ರೋಗದ ಗುರುತೂ ಅಡಗುತ್ತದೆ. ಹೊರಳಾಡುವುದನ್ನು ತಡೆಯಲು ನಿಧಾನವಾಗಿ ನಡೆಸಬಹುದು, ದಣಿಯುವಷ್ಟು ಬೇಡ. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆ ಇದೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಸದಾ ಶುದ್ಧ ನೀರು, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ಮೇವು, ಮೇವು ಬದಲಿಸುವಾಗ ವಾರಕ್ಕಿಂತ ಹೆಚ್ಚು ಸಮಯ, ಕಾಲಕಾಲಕ್ಕೆ ಹಲ್ಲಿನ ತಪಾಸಣೆ: ಇಷ್ಟಾದರೆ ಬಹಳಷ್ಟು ಶೂಲೆ ತಪ್ಪುತ್ತದೆ. ಜೊತೆಗೆ, ಕುದುರೆ ಆರೋಗ್ಯವಾಗಿರುವಾಗಲೇ ಅದರ ನಾಡಿ ಎಣಿಸಿ ಬರೆದಿಡಿ. ಆ ಲೆಕ್ಕ ಕೈಯಲ್ಲಿದ್ದವರು ಫೋನಿನಲ್ಲೇ ವೈದ್ಯರಿಗೆ ಅರ್ಧ ರೋಗ ಹೇಳಬಲ್ಲರು.