ಮಂಜರಾಬಾದಿನಿಂದ ವಿಡಿಯೊ ಕರೆ: ಟಿಪ್ಪುವಿಗೆ ಕೊರತೆಯಾಗಿದ್ದೇನು?

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೊಮೀಟರ್ ಸಾಗಿದರೆ ದೋಣಿಗಾಲ್ ಬಳಿಯ ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯಿದೆ. ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ, ಫ್ರೆಂಚರ ನಕ್ಷತ್ರಕೋಟೆಗಳ ಮಾದರಿಯಲ್ಲಿ ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ. 1792ರ ಮಾರ್ಚ್‌ನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನ ರಾಜ್ಯದ ಅರ್ಧಭಾಗ ಕೈತಪ್ಪಿತು; ಮಲಬಾರ್ ಹೋಯಿತು, ಕೊಡಗು ಹೋಯಿತು. ಕಡಲಿನ ಕಡೆಗೆ ಉಳಿದದ್ದು ಕೆನರಾ ಕರಾವಳಿ. ಮಂಗಳೂರಿಗೆ ಇಳಿಯುವ ಈ ಘಟ್ಟದ ದಾರಿ ಹೊರಜಗತ್ತಿನೊಂದಿಗೆ ಅವನಿಗಿದ್ದ ಮುಖ್ಯ ಸಂಪರ್ಕಗಳಲ್ಲಿ ಒಂದಾಯಿತು. ಅಂಥ ಅರಸನ ಕೈಯಲ್ಲಿ ಇಂದಿನ ವಿಡಿಯೊ ಕರೆಯ ಸೌಲಭ್ಯ ಇದ್ದಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಈ ಕೋಟೆಯಿಂದಲೇ ಆರಂಭಿಸಬಹುದು.

ಟಿಪ್ಪು ಸುದ್ದಿಯಿಲ್ಲದೆ ಸೋತವನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಳೆದುಬಂದ ಅಂಚೆ ವ್ಯವಸ್ಥೆ ಮೈಸೂರಿನಲ್ಲಿತ್ತು. ಹರಿಕಾರರು ಓಲೆಯ ಜತೆಗೆ ಗುಪ್ತ ಸಮಾಚಾರವನ್ನೂ ಹೊತ್ತು ತರುತ್ತಿದ್ದರು. ಟಿಪ್ಪುವಿನ ಪತ್ರಗಳನ್ನು ಆಯ್ದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ. ದೂರದ ಅಧಿಕಾರಿಗಳ ಸಣ್ಣಪುಟ್ಟ ಕೆಲಸಗಳಿಗೂ ಅರಸನೇ ಅಪ್ಪಣೆ ಕೊಡುತ್ತಿದ್ದುದು ಅವುಗಳಲ್ಲಿ ಕಾಣುತ್ತದೆ. 1799ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಿಗಳಾದ ಹ್ಯಾರಿಸ್ ಪೂರ್ವದಿಂದ, ಸ್ಟುವರ್ಟ್ ಪಶ್ಚಿಮದಿಂದ ಸೇನೆ ನಡೆಸಿ ಬಂದಾಗ ಟಿಪ್ಪು ಮೊದಲು ಸ್ಟುವರ್ಟನ ತುಕಡಿಯ ಮೇಲೆಯೇ ಬಿದ್ದ. ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ನಡೆದ ಆ ಕಾಳಗದಲ್ಲಿ ಅವನು ಹಿಮ್ಮೆಟ್ಟಬೇಕಾಯಿತು. ಆದರೆ ವೈರಿ ಎಲ್ಲಿದ್ದಾನೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಎರಡು ಕಡೆಯಿಂದ ಬರುವ ಸೈನ್ಯವನ್ನು ತೆರೆಯ ಮೇಲೆ ನೋಡಿದ್ದರೂ ಅವನ ಬಳಿ ಇದ್ದ ಪಡೆ ಅಷ್ಟೇ.

ಫ್ರಾನ್ಸಿನ ನೆರವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 1787ರಲ್ಲಿ ಪಾಂಡಿಚೇರಿಯಿಂದ ಹೊರಟ ಟಿಪ್ಪುವಿನ ಮೂವರು ರಾಯಭಾರಿಗಳು ಮರುವರ್ಷದ ಜೂನ್‌ನಲ್ಲಿ ಟೂಲೋನ್ ಬಂದರು ಮುಟ್ಟಿದರು. ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಸತ್ಕಾರ ಭರ್ಜರಿಯಾಗಿತ್ತು, ಕುಶಲಕರ್ಮಿಗಳೂ ಸಿಕ್ಕರು. ಸೇನಾ ಮೈತ್ರಿಯ ಮಾತು ಮಾತ್ರ ಸಿಗಲಿಲ್ಲ. ಫ್ರೆಂಚ್ ಖಜಾನೆ ಬರಿದಾಗಿತ್ತು, ಕ್ರಾಂತಿ ಹೊಸ್ತಿಲಿಗೆ ಬಂದಿತ್ತು. ವಿಡಿಯೊ ಕರೆ ಇದ್ದಿದ್ದರೆ ತಿಂಗಳುಗಟ್ಟಲೆ ಪ್ರಯಾಣ ಉಳಿಯುತ್ತಿತ್ತು, ಉತ್ತರ ಬದಲಾಗುತ್ತಿರಲಿಲ್ಲ. ಇದಕ್ಕೆ ನಮ್ಮ ಕಾಲದ ಸಾಕ್ಷ್ಯವೂ ಇದೆ. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ 2022ರ ಮಾರ್ಚ್ 8ರಂದು ಬ್ರಿಟಿಷ್ ಸಂಸದರನ್ನು, 16ರಂದು ಅಮೆರಿಕದ ಕಾಂಗ್ರೆಸ್ಸನ್ನು ವಿಡಿಯೊ ಮೂಲಕ ಉದ್ದೇಶಿಸಿ ಮಾತನಾಡಿದರು. ಸಭೆಗಳು ಎದ್ದುನಿಂತು ಚಪ್ಪಾಳೆ ತಟ್ಟಿದವು, ಶಸ್ತ್ರಾಸ್ತ್ರಗಳೂ ಹೋದವು. ಆದರೆ ಉಕ್ರೇನಿನ ಆಕಾಶದಲ್ಲಿ ವಿಮಾನ ಹಾರಾಟ ನಿಷೇಧಿಸಬೇಕೆಂಬ ಅವರ ದೊಡ್ಡ ಬೇಡಿಕೆಗೆ ನ್ಯಾಟೊ ಒಪ್ಪಲಿಲ್ಲ.

ಗುಟ್ಟು ಕಾಯುವುದು ಇನ್ನೂ ಕಷ್ಟದ ಪ್ರಶ್ನೆ. ಟಿಪ್ಪು ಗೋಪ್ಯವಾಗಿ ಮಾರಿಷಸ್‌ಗೆ ದೂತರನ್ನು ಕಳಿಸಿದಾಗ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಅವರ ನೆರವಿನ ಕೋರಿಕೆಯನ್ನು ಬಹಿರಂಗ ಪ್ರಕಟಣೆಯಾಗಿ ಹೊರಡಿಸಿ ಸ್ವಯಂಸೇವಕರನ್ನು ಕರೆದ. ಅದಕ್ಕೆ ಓಗೊಟ್ಟು ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಪ್ರಕಟಣೆಯ ಪ್ರತಿ ಕಲ್ಕತ್ತೆ ಮುಟ್ಟಿ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ದೊರೆಯಿತು. ಮರುವರ್ಷದ ಜನವರಿಯಲ್ಲಿ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಬರೆದ ಪತ್ರ ಅರಬ್ ತೀರದಲ್ಲೇ ಬ್ರಿಟಿಷರ ಕೈಸೇರಿತು. ಕಡಲದಾರಿ ಯಾರ ಹಿಡಿತದಲ್ಲಿತ್ತೋ ಪತ್ರವನ್ನು ಮೊದಲು ಓದಿದವರೂ ಅವರೇ. ಇಂದು ಖಂಡಗಳ ನಡುವಿನ ಕರೆ ಹಾದುಹೋಗುವುದು ಹೆಚ್ಚಾಗಿ ಕಡಲತಳದ ಕೇಬಲ್‌ಗಳಲ್ಲಿ. ಟಿಪ್ಪುವಿನ ಕರೆಯೂ ಪರರ ತಂತಿಯಲ್ಲೇ ಹೋಗಬೇಕಾಗುತ್ತಿತ್ತು.

ಆದರೂ ಒಂದು ಕರೆ ಅವನಿಗೆ ನಿಜವಾಗಿ ದಕ್ಕಬೇಕಿತ್ತು ಎನಿಸುತ್ತದೆ. 1792ರ ಒಪ್ಪಂದದಂತೆ 3 ಕೋಟಿ 30 ಲಕ್ಷ ರೂಪಾಯಿ ದಂಡ ತೀರುವವರೆಗೆ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಅಬ್ದುಲ್ ಖಾಲಿಕ್ ಹತ್ತು ವರ್ಷದ ಆಸುಪಾಸಿನ ಹುಡುಗ, ಮುಯಿಜುದ್ದೀನ್ ಅವನಿಗಿಂತ ಚಿಕ್ಕವನು. ಮದ್ರಾಸಿನಲ್ಲಿದ್ದ ಆ ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಎರಡು ವರ್ಷ ಮಕ್ಕಳ ಮುಖ ಕಾಣದ ತಂದೆಗೆ ದಿನಕ್ಕೊಂದು ಗಳಿಗೆಯ ಕರೆ ದೊಡ್ಡ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಒಪ್ಪಂದದ ಕಾಲದ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಯಲ್ಲೇ ಇರುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ: ದಂಡದ ಕಂತು ತಡವಾದ ದಿನ ಕರೆ ಕಡಿತವಾಗುತ್ತಿತ್ತು.

ಇನ್ನು ಕೋಟೆಯ ಕಿಲ್ಲೇದಾರ. ಶ್ರೀರಂಗಪಟ್ಟಣದಿಂದ ಮಂಜರಾಬಾದಿಗೆ ನೂರೈವತ್ತು ಕಿಲೊಮೀಟರಿನಷ್ಟು ದೂರ. ಮಳೆಗಾಲದಲ್ಲಿ ಹೇಮಾವತಿ ತುಂಬಿ ಹರಿದರೆ ಆಲೂರು ಕಡೆಯಿಂದ ಬರುವ ಓಲೆಕಾರ ಹೊಳೆಯಾಚೆಯೇ ನಿಲ್ಲಬೇಕಿತ್ತು. ಆಗ ತೀರ್ಮಾನ ಕಿಲ್ಲೇದಾರನದೇ. ಎಲ್ಲಕ್ಕೂ ಅಪ್ಪಣೆ ಕೊಡುವ ಸ್ವಭಾವದ ಅರಸನಿಗೆ ಕರೆಯ ಸೌಲಭ್ಯ ಸಿಕ್ಕಿದ್ದರೆ ಆ ಸ್ವಾತಂತ್ರ್ಯ ಕಳೆದುಹೋಗುತ್ತಿತ್ತು. ಮಂಜು ಮುಚ್ಚಿದ ಕಣಿವೆಯನ್ನು ಬಲ್ಲವನು ಅಲ್ಲಿ ನಿಂತವನೇ ಹೊರತು ದೂರದ ತೆರೆಯ ಮುಂದೆ ಕೂತವನಲ್ಲ.

ಈ ಬೆಟ್ಟಗಳ ಹಳೆಯ ಹೆಸರು ಬಲಂ ಸೀಮೆ. ಐಗೂರಿನ ನಾಯಕರು ಇಲ್ಲಿನ ಪಾಳೆಯಗಾರರು. 1792ರ ಯುದ್ಧದಲ್ಲಿ ಕೃಷ್ಣಪ್ಪ ನಾಯಕ ಮರಾಠರ ಪರಶುರಾಮ ಭಾವೂ ಪಕ್ಷ ಸೇರಿ, ಆಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಮರಳಿ ಕರೆಸಿ ಐಗೂರು ಸೀಮೆಯನ್ನು ಬಿಟ್ಟುಕೊಟ್ಟ. ಓಡಿಹೋದವನು ನಂಬಿ ಬಂದದ್ದು ಬರಿಯ ಮಾತಿನಿಂದಲ್ಲ, ಕೈಗೆ ಸಿಕ್ಕ ನೆಲದಿಂದ.

1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಬಲಂ ನಾಯಕ ಹೊಸ ಆಳ್ವಿಕೆಗೆ ತಲೆಬಾಗಲಿಲ್ಲ. ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿ ಉತ್ತರಕ್ಕೆ ಹೋಗಿದ್ದ. ಅಲ್ಲಿಂದ ಅವನು ಬರೆದ ಪತ್ರಗಳಿಂದ ಬಲಂ ಮಣಿಯಲಿಲ್ಲ. 1802ರ ಜನವರಿಯಲ್ಲಿ ಅವನೇ ಬಂದು, ದಿವಾನ್ ಪೂರ್ಣಯ್ಯನವರ ಕುದುರೆಪಡೆಯ ನೆರವಿನಿಂದ ಅರೆಕೆರೆಯ ಕಾಡುಕೋಟೆಯನ್ನು ಹಿಡಿದ. ಫೆಬ್ರುವರಿಯಲ್ಲಿ ನಾಯಕನನ್ನು ಗಲ್ಲಿಗೇರಿಸಲಾಯಿತು. ಆಮೇಲೆ ಕಾಡು ಕಡಿದು ದಾರಿ ಮಾಡಿಸಿ, ಊರೂರಿನ ಆಯುಧಗಳನ್ನು ಕಿತ್ತುಕೊಂಡರು. ಬಲಂ ಸೀಮೆ ಅಡಗಿದ್ದು ಆ ದಾರಿಗಳಿಂದ ಮತ್ತು ಆ ದಾರಿಯಲ್ಲಿ ನಡೆದುಬಂದ ಸೈನ್ಯದಿಂದ.